ಹೊಲಿದ ಕೈ, ಅಮರಪ್ಪನ ದಾಡಿ

...ಹಂಗಲ್ಲ ಬೇ ಯವ್ವಾ, ಅದು ಕಡಗ ಹಾಕ್ಕೊಂಡ ಗುರ್ತಲ್ಲ. ಅಕ್ಕತಂಗೇರು ಇಬ್ರೂ ಆಗಿಂದ ಬೆರಳಾಡಿಸಿ ನೋಡಾಕತ್ತೀರಿ, ನೋಡ್ರಿ, ಚೊಲೋತ್ನಾಗ ಮುಟ್ರಿ, ಈಗೇನೂ ನೋವಿಲ್ಲ. ಮಣಿಕಟ್ಟಿನ ಸುತ್ತ ಗೆರಿ ಕೊರದಂಗ ಐತೆಲ್ಲ, ಬರೋಬ್ಬರಿ ಅಲ್ಲಿಗೇ ಕಡದು ಬಿದ್ದಿತ್ತು ಈ ಬಲಗೈ. ಪೂರ್ತಿ. ಒಂದು ಎಳಿ ಚರ್ಮಾನೂ ಹಿಡಕೊಂಡಿದ್ದಿಲ್ಲ. ನಿಮ್ಮಪ್ಪ ಹೇಳಿಲ್ಲೇನು? ಅವಾ ಹೇಳಂಗಿಲ್ಲ ಬಿಡ್ರಿ, ಅವಗ ರಕ್ತದ ಸುದ್ದಿ ಅಂದ್ರ ಕಣ್ಣು ಕತ್ತಲಿ ಬರ್ತೈತಿ, ಅದಕ್ಕ ಕಟಿಂಗ್ ಕೆಲಸ ಬಿಟ್ಟು ಟ್ರ್ಯಾಕ್ಟರ್ ಹಿಡದಾನ. ನಾ ಹೇಳ್ತೀನಿ ಕುಂದರ್ರಿ. ಹೆದರಬ್ಯಾಡ್ರಿ, ಕೈ ಇಲ್ಲೇ ಐತಿ, ಕಥಿ ಮುಗಿದ ಮ್ಯಾಲೂ ಇಲ್ಲೇ ಇರ್ತೈತಿ.

ಆವಾಗ ನಿಮ್ಮಿಬ್ರಾಗ ಯಾರೂ ಹುಟ್ಟಿದ್ದಿಲ್ಲ. ನಂಗ ಐವತ್ತರ ಮ್ಯಾಲ ಒಂದೆರಡು ವರ್ಷ. ಮುಕ್ಕುಂದಾಗ ಇದ ಮನಿ, ಸಿಂಧನೂರಾಗ ಬಸ್‌ಸ್ಟ್ಯಾಂಡ್ ಹಿಂದ ನನ್ನ ಕಟಿಂಗ್ ಅಂಗಡಿ. ಈರಣ್ಣನ ಅಂಗಡಿ ಅಂದ್ರ ಸಾಕು, ಆಟೋದವರು ತಂದು ಬಿಡ್ತಿದ್ರು. ಈ ಕೈಯಾಗ ಕತ್ತಿ ಹಿಡದ್ನೆಂದ್ರ ಗಿರಾಕಿ ಕುರ್ಚ್ಯಾಗ ಕುಂತಲ್ಲೇ ನಿದ್ದಿ ಹೋಗ್ತಿದ್ದ, ಅಷ್ಟು ಹಗೂರ ಆಡ್ತಿತ್ತು. ಹೆಚ್ಚಿಗಿ ಹೇಳಾಕತ್ತಿಲ್ಲ, ನಿಮ್ಮಜ್ಜೀನ್ನ ಕೇಳ್ರಿ. ಇನ್ನ ಅಮರಪ್ಪ ಅಂದ್ರ ಯಾರು, ಗೊತ್ತಲ್ಲ, ಈ ಗ್ವಾಡಿ ಆಕಡೀ ಮನ್ಯಾಗ ಇರಾಂವ. ನಾನೂ ಅವನೂ ಸಣ್ಣವರಿದ್ದಾಗ ಕೂಡೇ ಹೊಳ್ಯಾಗ ಈಜು ಕಲ್ತವರು, ಕೂಡೇ ಸಾಲಿ ಬಿಟ್ಟವರು. ಅವಂದು ಒಕ್ಕಲುತನ, ನಂದು ಕತ್ತಿ. ಅವನ ಗಲ್ಲಕ್ಕ ನನ್ನ ಕೈ ಬಿಟ್ರ ಮತ್ತೊಬ್ಬರ ಕೈ ಹತ್ತಿದ್ದಿಲ್ಲ, ಮೀಸಿ ಮೂಡಿದಾಗಿಂದಲೂ. ಅವಾ ಆ ವರ್ಷ ಮೇವು ಕತ್ತರಿಸೋ ಕರೆಂಟಿನ ಮಷೀನ್ ತಂದಿದ್ದ. ಎರಡು ಎಮ್ಮಿ ಇದ್ವು ಅವಂದು. ಹೊಸದು ಅಂತ ಊರ ಮಂದಿಯೆಲ್ಲ ನಿಂತು ನೋಡ್ತಿದ್ರು, ಹೆಣ್ಣು ನೋಡಾಕ ಬಂದವರಂಗ.

ಅವತ್ತು ಮಂಗಳವಾರ. ಮಂಗಳವಾರ ಅಂಗಡಿ ರಜಾ ನೋಡ್ರಿ. ಮುಂಜಾನಿ ಚಾ ಕುಡದು ಆ ಕಡೀ ಹೋದ್ನಿ. ಅಮರಪ್ಪ ಜ್ವಾಳದ ಸೊಪ್ಪಿ ಕೊಡಾಕತ್ತಿದ್ದ ಮಷೀನಿಗೆ. "ಜರಾ ನೀ ಕೊಡೋ ಈರ್ಯಾ, ಫೋನ್ ಬಂದೈತಿ" ಅಂದ. ನಾ ಕುಂತ್ನಿ. ಒಂದು ನಾಕು ಕಟ್ಟು ಆಗಿರಬೇಕು, ಕರೆಂಟ್ ಹೋತು. ಸೊಪ್ಪಿ ಮಷೀನಿನ ಬಾಯಾಗ ಸಿಕ್ಕಿಬಿಟ್ಟಿತ್ತು. ಎಳದ್ರ ಬರವಲ್ದು. "ಲೇ ಅಮರ್ಯಾ, ಸ್ವಿಚ್ ಬಂದ್ ಮಾಡೀಯೇನು?" ಅಂದ್ನಿ. ಅವಾ ಫೋನಿನಾಗ ಯಾರ ಜೋಡಿನೋ ಮಾತಾಡಾಕತ್ತಿದ್ದ, ಈ ಕಡೀ ಹೊಳ್ಳಿ "ಹೂಂ ಹೂಂ, ಮಾಡೀನಿ ತಗೋ" ಅಂದ. ಮಾಡಿದ್ದಿಲ್ಲ. ಅವಾ ಏನು ಕೇಳಿಸ್ಕೊಂಡನೋ ಏನೋ. ನಾ ಕೈ ಒಳಗ ಹಾಕಿ ಸೊಪ್ಪಿ ಹಿಡದು ಎಳೀಬೇಕು, ಕರೆಂಟ್ ಬಂದುಬಿಡ್ತು. ಅಷ್ಟ. ನೋವು ಅಂತೀರೇನು? ಆಗ ನೋವೇ ಆಗಲಿಲ್ಲ ಯವ್ವಾ. ಯಾರೋ ಕೈ ಹಿಡದು ಝಾಡಿಸಿದಂಗ ಆತು. ಕೈ ಹೊರಗ ತಗದ್ನಿ, ತುದಿ ಇಲ್ಲ. ಎಲ್ಲಿ ಬಿತ್ತು ಅಂತ ನಾನೇ ಹುಡುಕಾಕತ್ತಿದ್ನಂತ, ಕತ್ತರಿಸಿದ ಮೇವಿನಾಗ, ಎಡಗೈಲೆ ಕೆದರಿ ಕೆದರಿ. ನಂಗ ಅದು ನೆನಪಿಲ್ಲ, ಮಂದಿ ಹೇಳಿದ್ದು.

ಅಮರಪ್ಪ ನಿಂತಲ್ಲೇ ಫೋನ್ ಕಿವಿಗೆ ಹಿಡಕೊಂಡೇ ಕುಸದು ಕುಂತ. ನಿಮ್ಮಜ್ಜಿ ಹುಲಿಗೆವ್ವ, ಮಂದಿ ಒದರೋದು ಕೇಳಿ ಓಡಿ ಬಂದ್ಲು ನೋಡ್ರಿ. ಅಳಲಿಲ್ಲ ಆಕಿ. ನನ್ನ ಹೆಗಲ ಮ್ಯಾಲಿನ ಟವೆಲ್ ಕಿತ್ತು ಕೈಗೆ ಬಿಗದು ಸುತ್ತಿ, "ಮ್ಯಾಲ ಎತ್ತಿ ಹಿಡೀರಿ, ಮ್ಯಾಲ ಎತ್ರಿ" ಅಂತ ಬೈದಂಗ ಮಾಡಿ, ನೂರಾ ಎಂಟಕ್ಕ ಫೋನ್ ಹಚ್ಚಿದ್ಲು. ಆ ಫೋನಿನ ಆಕಡೀ ಯಾವ ತಾಯಿ ಇದ್ಲೋ, ಆಕೀ ಹೊಟ್ಟಿ ತಣ್ಣಗಿರಲಿ, "ಕಡದ ಕೈ ಎಲ್ಲೈತಮ್ಮ? ಅದನ್ನ ಬಿಡಬ್ಯಾಡ್ರಿ. ತೊಳೀಬ್ಯಾಡ್ರಿ. ಸ್ವಚ್ಛ ಅರಿವ್ಯಾಗ ಸುತ್ತಿ, ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಬಿಗೀರಿ. ಆ ಚೀಲ ಐಸಿನ ಮ್ಯಾಲ ಇಡ್ರಿ. ಕೈಗೆ ಐಸ್ ತಾಗಬಾರ್ದು, ನೀರು ತಾಗಬಾರ್ದು" ಅಂತ ಬಿಡಿಸಿ ಬಿಡಿಸಿ ಹೇಳಿದ್ಲಂತ. ಐಸ್ ಎಲ್ಲಿಂದ ಬರಬೇಕು? ಊರಾಗ ಫ್ರಿಜ್ ಇದ್ದದ್ದು ಎರಡು ಮನಿ, ಎರಡಕ್ಕೂ ಕರೆಂಟ್ ಹೋಗಿ ಬಂದು ಮಾಡಿ ಐಸೆಲ್ಲ ನೀರು. ಅಷ್ಟರಾಗ ಓಣ್ಯಾಗ "ಮೀನ್ ಮೀನ್" ಅಂತ ಕೂಗು ಕೇಳಿತು.

ಬಿಮಲ್ ಅಂತ, ಹಿಂದ ಊರು ಬಿಟ್ಟು ಬಂದ ಬಂಗಾಲಿ ಮಂದಿಗೆ ಸರಕಾರದವರು ಮಾಡಿಕೊಟ್ಟ ಆರ್.ಎಚ್. ಕ್ಯಾಂಪಿನ ಮನಷ್ಯಾ, ಮೋಟರ್ ಸೈಕಲ್ ಹಿಂದ ಥರ್ಮಾಕೋಲ್ ಡಬ್ಬಿ ಕಟ್ಕೊಂಡು ಮೀನು ಮಾರಾಕ ಬರ್ತಿದ್ದ. ಇಲ್ಲೇ ಕ್ಯಾಂಪಿನಾಗ ಹುಟ್ಟಿ ಬೆಳದಾಂವ, ನಮ್ಮಂಗ ಮಾತಾಡ್ತಾನ, ಸಿಟ್ಟು ಬಂದಾಗ ಅಷ್ಟ ಅವರ ಭಾಷಿ ಬರ್ತೈತಿ. ಅವಾ ಏನು, ಎಂತ ಅಂತ ಕೇಳಲಿಲ್ಲ. ಡಬ್ಬಿ ಬೋರಲು ಹಾಕಿದ, ಮೀನೆಲ್ಲ ರಸ್ತಾದ ಮ್ಯಾಲ ಬಿದ್ವು. ನಾಯಿಗೋಳು ಬಂದು ತಿನ್ನಾಕತ್ತಿದ್ವಂತ. ಐಸ್ ಅಷ್ಟು ವಾಪಸ್ ತುಂಬಿ, "ಅಕ್ಕಾ, ಇದರ ಮ್ಯಾಲ ಇಡ್ರಿ ಅಕ್ಕಾ, ಜಲ್ದಿ" ಅಂದ. ಹುಲಿಗೆವ್ವ ಮೇವಿನಾಗ ಬಿದ್ದಿದ್ದ ಕೈ ತಗದು, ಫೋನಿನಾಗ ಹೇಳಿದಂಗ ಸುತ್ತಿ, ಚೀಲ ಬಿಗದು ಇಟ್ಲು. ಆಮ್ಯಾಲ ಗಾಡಿ ಬಂತು, ಸಿಂಧನೂರು ದವಾಖಾನಿ, ಅಲ್ಲಿ ಪಟ್ಟಿ ಕಟ್ಟಿ, ಇಂಜೆಕ್ಷನ್ ಮಾಡಿ, "ನಡೀರಿ ಬಳ್ಳಾರಿಗೆ, ತಾಸು ಎಣಿಸ್ಕೊಂಡು ಹೋಗ್ರಿ" ಅಂತ ಕಳಿಸಿದ್ರು. ನಾ ಮಲ್ಕೊಂಡಿದ್ನಿ, ನನ್ನ ಕೈ ನನ್ನ ಕಾಲತ್ರ ಡಬ್ಬ್ಯಾಗ. ಗಾಡೀ ತುಂಬ ಮೀನಿನ ವಾಸನಿ. ನಾ ಹುಲಿಗೆವ್ವಗ ಅಂದ್ನಂತ, "ಇನ್ನ ಮ್ಯಾಲ ಯಾರು ದಾಡಿ ಮಾಡಿಸ್ಕೊಂತಾರ ಬೇ ಈ ಕೈಲೆ, ನಾರ್ತೈತಿ." ಆಕಿಗೆ ಆಗ ಅಳು ಬಂತಂತ. ಅಲ್ಲೀ ತನಕ ಬಂದಿದ್ದಿಲ್ಲ.

ಬಳ್ಳಾರ್ಯಾಗ ಡಾಕ್ಟರ್ ಸಾಹೇಬ್ರು ಕೇಳಿದ್ದು ಒಂದ ಮಾತು. "ಏನ್ ಕೆಲಸ ಮಾಡ್ತೀಯಪ್ಪ?" "ಕಟಿಂಗ್ ಮಾಡ್ತೀನ್ರೀ." ಅವರು ಡಬ್ಬಿ ತಗದು ನೋಡಿ, "ನಿನಗ ಈ ಕೈ ಬೇಕೇ ಬೇಕು ಹಂಗಾರ" ಅಂದ್ರು. ಅಷ್ಟ. ಮುಂದ ನಂಗ ಎಚ್ಚರಿಲ್ಲ. ಮಧ್ಯಾಹ್ನ ಒಳಗ ಒಯ್ದವರು ಹೊರಗ ತಂದದ್ದು ನಡುರಾತ್ರಿ ದಾಟಿದ ಮ್ಯಾಲ. ಎಲುಬಿಗೆ ತಂತಿ ಹಾಕಿ ಕೂಡಿಸಿ, ಒಂದೊಂದು ರಕ್ತನಾಳ, ಒಂದೊಂದು ನರ, ಭೂತಗನ್ನಡ್ಯಾಗ ನೋಡಿ ನೋಡಿ, ಕೂದಲಿಗಿಂತ ಸಣ್ಣ ದಾರದಾಗ ಹೊಲದಾರ. ನಾ ಕೂದಲ ಕೆಲಸದವ, ಕೂದಲು ಎಷ್ಟು ಸಣ್ಣ ಅಂತ ನಂಗ ಗೊತ್ತು, ಅದಕ್ಕಿಂತ ಸಣ್ಣ ದಾರ ಅಂದ್ರ ನೀವ ಲೆಕ್ಕ ಹಾಕ್ರಿ. ಎಚ್ಚರ ಆದಾಗ ನರ್ಸವ್ವ ತಾಸಿಗೊಮ್ಮೆ ಬಂದು ಉಗುರು ಒತ್ತಿ ನೋಡ್ತಿದ್ಲು, ಒತ್ತಿದ್ರ ಬೆಳ್ಳಗ, ಬಿಟ್ರ ಕೆಂಪಗ ಆಗಬೇಕು, ಆದ್ರ ಕೈ ಜೀವಂತ ಐತಿ ಅಂತ. ಹುಲಿಗೆವ್ವಾನೂ ಕಲ್ತುಬಿಟ್ಲು. ನರ್ಸು ಹೋದ್ಲಂದ್ರ ಈಕಿ ಒತ್ತಾಕಿ. ಬೀಡಿ ಬಂದ್ ಅಂದ್ರು, ಚಾ ಬಂದ್ ಅಂದ್ರು, ರಕ್ತನಾಳ ಕುಗ್ತಾವಂತ. ಬೀಡಿ ಆವತ್ತು ಬಿಟ್ಟದ್ದು ಮತ್ತ ಮುಟ್ಟಿಲ್ಲ. ಚಾ ಕಾಯಂ ಬಿಡಾಕ ಆಗಲಿಲ್ಲ ಬಿಡ್ರಿ, ಅವರು ಹೂಂ ಅಂದ ದಿನವೇ ಎರಡು ಕಪ್ ಕುಡದ್ನಿ.

ಮಂದಿ ಏನು ತಿಳಕೊಂತಾರ ಅಂದ್ರ, ಹೊಲದ್ರು, ಕೂಡ್ತು, ಮುಗೀತು. ಮುಗಿಯಾಕ ಎಲ್ಲೀದು! ಅಲ್ಲಿಂದ ಸುರು ಅದು. ಮನಿಗೆ ಬಂದಾಗ ಈ ಕೈ ಹೆಂಗಿತ್ತು ಗೊತ್ತೇನು? ಉಬ್ಬಿ ಬದ್ನೀಕಾಯಿ ಬಣ್ಣ. ನಂದಲ್ಲ ಅನ್ನಿಸ್ತಿತ್ತು. ಯಾರದೋ ಕೈ ತಂದು ನನ್ನ ಮೈಗೆ ಕಟ್ಯಾರ, ಅವರು ಬಂದು ಕೇಳಿದ್ರ ಬಿಚ್ಚಿ ಕೊಡಬೇಕು ಅನ್ನಂಗ. ಸೊಳ್ಳಿ ಕಚ್ಚಿದ್ರ ಗೊತ್ತಾಗವಲ್ದು. ಒಂದಿನ ಬಿಸಿ ಚಾದ ಗ್ಲಾಸಿಗೆ ತಾಗಿಸ್ಕೊಂಡು ಕುಂತೀನಿ, ಹುಲಿಗೆವ್ವ ನೋಡಿ "ಅಯ್ಯ ನಿಮ್ಮ, ಕೈ ಸುಡಾಕತ್ತೈತಿ" ಅಂತ ಕಸಗೊಂಡ್ಲು, ನೋಡಿದ್ರ ಬೊಬ್ಬಿ ಎದ್ದೈತಿ. ನಂಗ ಸುದ್ದೀನ ಇಲ್ಲ. ಆವತ್ತು ಮನಸ್ಸು ಬಿದ್ದು ಹೋತು. ಮುಂದಿನ ಸಲ ಬಳ್ಳಾರಿಗೆ ಹೋದಾಗ ಡಾಕ್ಟರಿಗೆ ಅಂದ್ನಿ, "ಸಾಹೇಬ್ರ, ಇದನ್ನ ತಗದುಬಿಡ್ರಿ. ಹೊತ್ಕೊಂಡು ತಿರುಗಾಕ ಆಗವಲ್ದು." ಅವರು ಸಿಟ್ಟಿಗೇಳಲಿಲ್ಲ. "ಈರಣ್ಣ, ನರ ಬೆಳೀಬೇಕಪ್ಪ. ತಿಂಗಳಿಗೆ ಹೆಬ್ಬೆರಳಿನ ಅಗಲ ಮುಂದ ಹೋದ್ರ ಪುಣ್ಯ. ಮಣಿಕಟ್ಟಿಂದ ಬೆರಳ ತುದಿಗೆ ನಡಕೊಂಡು ಹೊಂಟೈತಿ ಅದು. ನೀ ಅರ್ಧ ದಾರ್ಯಾಗ ಊರು ಕಿತ್ತೊಗದ್ರ ಅದು ಎಲ್ಲಿಗೆ ಹೋಗಬೇಕು?" ಅಂದ್ರು. ಹಂಗ ಅಂದಿದ್ದಕ್ಕ ಕೈ ಹೊತ್ಕೊಂಡ ಮನಿಗೆ ಬಂದ್ನಿ.

ಬೆರಳು ಆಡಿಸೋ ಕಸರತ್ತಿಗೆ ಲಿಂಗಸ್ಗೂರಿಗೆ ಹೋಗ್ರಿ, ಅಲ್ಲಿ ಒಬ್ಬಾಕಿ ಕಲ್ತಾಕಿ ಅದಾಳ ಅಂತ ಅವರ ಹೇಳಿ ಕಳಿಸಿದ್ರು. ರೇಣುಕಾ ಅಂತ, ನಮ್ಮ ಮಗಳ ವಯಸ್ಸಿನಾಕಿ. ವಾರಕ್ಕ ಎರಡು ಸಲ ಸಿಂಧನೂರು ಬಸ್ ಹತ್ತಿ, ಮಸ್ಕಿ ದಾಟಿ, ಲಿಂಗಸ್ಗೂರು. ಆಕಿ ಬಾಯಿ ಭಾಳ ಜೋರು. "ಕಾಕಾ, ಮಾಡೀರೇನು ಮನ್ಯಾಗ? ಸುಳ್ಳು ಹೇಳಬ್ಯಾಡ್ರಿ, ನಿಮ್ಮ ಬೆರಳು ನಂಗ ಚಾಡಿ ಹೇಳ್ತಾವ" ಅಂತಿದ್ಲು. ಕಣ್ಣು ಮುಚ್ರಿ ಅಂತ ಹೇಳಿ ಕೈಯಾಗ ಒಂದೊಂದು ಸಾಮಾನು ಇಡಾಕಿ, ಹತ್ತಿ, ಗೋಣಿತಟ್ಟು, ಬಾಚಣಿಕಿ. ಏನಿದು ಹೇಳ್ರಿ ಅನ್ನಾಕಿ. ನಾ ಬಾಚಣಿಕೀನ ಗೋಣಿತಟ್ಟು ಅಂತಿದ್ನಿ. ನನ್ನ ಜನ್ಮ ಎಲ್ಲಾ ಹಿಡದ ಬಾಚಣಿಕಿ! ಮನ್ಯಾಗ ನಿಮ್ಮಜ್ಜಿ ಇನ್ನೊಂದು ಸಾಲಿ ಸುರು ಮಾಡಿದ್ಲು. ರೊಟ್ಟಿ ಹಿಟ್ಟು ನಾದೋದು ನನ್ನ ಕೆಲಸ. ಬಿಸಿನೀರಿನ ಹಿಟ್ಟು, ಮೊದಲು ಆಕಿ ಮುಟ್ಟಿ ನೋಡಿ ಕೊಡಾಕಿ, ಸುಡಬಾರ್ದಲ್ಲ. ನಾ ನಾದಿದ ಹಿಟ್ಟಿನ ರೊಟ್ಟಿ ಹರಕೊಂಡು ಹರಕೊಂಡು ಹೋಗ್ತಿದ್ವು, ಎಲ್ರೂ ಚೂರು ಚೂರು ಆರಿಸ್ಕೊಂಡು ಉಣ್ತಿದ್ವಿ. ಯಾರೂ ಒಂದು ಮಾತು ಅನ್ನಲಿಲ್ಲ. ಅಲ್ಲ, ನಿಮ್ಮಪ್ಪ ಒಂದಿನ ಅಂದ, ಆಕೀ ಕೈಲೆ ತಲಿಗೆ ಒಂದು ಬಿತ್ತು.

ನಡುವ ಮತ್ತೊಮ್ಮೆ ಆಪರೇಷನ್ ಆತು, ಒಳಗ ಅಂಟಿಕೊಂಡಿದ್ದ ಸ್ನಾಯು ಬಿಡಿಸಾಕ. ಅದು ಬಿಡ್ರಿ. ನಾ ಹೇಳಬೇಕಂದಿದ್ದು ಬಸ್ಸಿಂದು. ವರ್ಷದ ಮ್ಯಾಲ ಆಗಿತ್ತು. ಬಸ್ ಮಸ್ಕ್ಯಾಗ ನಿಂತಾಗ ಒಬ್ಬಾಕಿ ಕುರಿ ಕಾಯೋರಾಕಿ ಹತ್ತಿದ್ಲು, ಬಗಲಾಗ ಕುರಿಮರಿ. ನನ್ನ ಬಾಜೂಕ ಕುಂತ್ಲು. ನಾ ಕಿಡಕ್ಯಾಗ ನೋಡಾಕತ್ತೀನಿ, ಈ ಕೈ ತೊಡಿ ಮ್ಯಾಲ ಸತ್ತಂಗ ಬಿದ್ದೈತಿ. ಒಮ್ಮಿಂದೊಮ್ಮೆ ಏನೋ ಹಸಿಹಸಿ, ಏನೋ ಖರಖರ! ತೋರುಬೆರಳ ತುದೀಗೆ! ನೋಡಿದ್ರ ಆ ಕುರಿಮರಿ ನನ್ನ ಬೆರಳು ನೆಕ್ಕಾಕತ್ತೈತಿ. ನಾ ಚೀರಿಬಿಟ್ನಿ. ಡ್ರೈವರ್ ಬ್ರೇಕ್ ಒತ್ತಿದ. ಕಂಡಕ್ಟರ್ ಓಡಿ ಬಂದ, "ಏನಾತಪ್ಪೋ, ಪಾಕೀಟ್ ಹೊಡದ್ರೇನು?" "ಇಲ್ರೀ, ಗೊತ್ತಾತ್ರೀ, ಗೊತ್ತಾತು!" "ಏನು ಗೊತ್ತಾತು?" "ನಾಲಿಗಿ ಗೊತ್ತಾತ್ರೀ!" ಬಸ್ಸಿನ ಮಂದಿಯೆಲ್ಲ ಹುಚ್ಚ ಅದಾನ ಅಂತ ನೋಡಾಕತ್ರು. ಆ ಹೆಣ್ಣುಮಗಳು ಪಾಪ ಹೆದರಿ ಮರೀನ್ನ ಸೆರಗಿನಾಗ ಮುಚ್ಚಿಕೊಂಡ್ಲು. "ಬೇ ಯವ್ವಾ, ತಗೀ, ಇನ್ನೊಮ್ಮೆ ನೆಕ್ಕಲಿ" ಅಂತ ಗಾಯದ ಗೆರಿ ತೋರಿಸಿ ಎಲ್ಲಾ ಹೇಳಿದ್ನಿ. ಆಕಿ ಮರೀನ್ನ ತಗದು ನನ್ನ ಮಡಿಲಾಗ ಇಟ್ಟುಬಿಟ್ಲು. ಲಿಂಗಸ್ಗೂರು ಮುಟ್ಟೋ ತನಕ ನೆಕ್ಕಿಸ್ಕೊಂಡು ಹೋದ್ನಿ ನೋಡ್ರಿ! ರೇಣುಕಾಗ ಹೇಳಿದ್ರ ಆಕಿ ಕುಣದಾಡಿದ್ಲು.

ಇಷ್ಟೆಲ್ಲಾ ಆದ್ರೂ ಅಮರಪ್ಪ ಒಂದಿನ ಬಂದಿದ್ದಿಲ್ಲ ಮನಿಗೆ. ಗ್ವಾಡಿ ಆಕಡೀ ಕೆಮ್ಮಿದ್ರ ಕೇಳ್ತೈತಿ, ಮುಖ ಮಾತ್ರ ಇಲ್ಲ. ಆ ಮಷೀನ್ ಗುಜರಿಯವರಿಗೆ ಒಗದನಂತ, ಎಮ್ಮಿ ಮಾರಿದನಂತ. ದಾಡಿ ಬಿಟ್ಟಾನ, ಎದಿಮಟ ಬಂದೈತಿ, ಯಾರ ಹತ್ರನೂ ಮಾಡಿಸ್ಕೊಳ್ಳವಲ್ಲ ಅಂತ ಮಂದಿ ಹೇಳೋರು. ನಾನೂ ಒಳ್ಳೇವನಾಗಿ ಇದ್ದಿದ್ದಿಲ್ಲ, ಖರೇ ಹೇಳ್ತೀನಿ. ಬಂದೋರಿಗೆಲ್ಲ "ಅವಾ ಸ್ವಿಚ್ ಬಂದ್ ಮಾಡೀನಿ ಅಂದ, ಮಾಡಿದ್ದಿಲ್ಲ" ಅಂತ ಅದ ರಾಗ ಹಾಡ್ತಿದ್ನಿ. ಅದು ಗ್ವಾಡಿ ದಾಟಿ ಅವನ ಕಿವಿಗೆ ಬೀಳ್ಲಿ ಅಂತಾನ ಜೋರಾಗಿ. ಬೀಳ್ತಿತ್ತು.

ಮೂರನೇ ವರ್ಷ ಅಂಗಡಿ ಮತ್ತ ತಗೀಬೇಕು ಅಂತ ಮನಸ್ಸು ಮಾಡಿದ್ನಿ. ಈ ಕೈಯಾಗ ಕತ್ತಿ ಹಿಡಿಯೋದು ಆಗಂಗಿಲ್ಲ, ಅದು ಸ್ಪಷ್ಟ ಆಗಿತ್ತು. ಹಂಗಾರ ಕತ್ತಿ ಎಡಗೈಗೆ, ಚರ್ಮ ಹಿಡದು ಎಳಿಯೋದು ಬಲಗೈಗೆ. ಬಲೂನ್ ತಂದು ಉಬ್ಬಿಸಿ, ಸೋಪು ಹಚ್ಚಿ, ಬಲಗೈಲೆ ಹಗೂರ ಹಿಡದು, ಎಡಗೈ ಕತ್ತೀಲೆ ಸೋಪು ತಗಿಯೋದು. ಜರಾ ಬಿಗಿ ಹಿಡದ್ರ ಢಂ, ಜರಾ ಕತ್ತಿ ತಾಗಿದ್ರ ಢಂ. ಓಣಿ ತುಂಬ ದೀಪಾವಳಿ. ಹುಲಿಗೆವ್ವ ಒಲಿ ಮುಂದ ಹೌಹಾರಿ ಬೀಳಾಕಿ. ಕಡೀಗೊಮ್ಮೆ ಒಂದು ಬಲೂನ್ ಉಳೀತು, ಆಮ್ಯಾಲ ಎರಡು, ಆಮ್ಯಾಲ ಢಂ ಅನ್ನೋದು ಅಪರೂಪ ಆತು. ಆದ್ರ ಬಲೂನು ಬ್ಯಾರೆ, ಮನಷ್ಯಾರ ಗಂಟಲು ಬ್ಯಾರೆ. ಯಾರು ಕುಂದರ್ತಾರ? ನಿಮ್ಮಪ್ಪ ಕತ್ತಿ ನೋಡಿದ್ರ ಓಡ್ತಿದ್ದ.

ಆಗ ಅಮರಪ್ಪನ ಮಗಳ ಮದುವಿ ಬಂತು. ಅವನ ಹೇಣ್ತಿ ಬಂದು ಹುಲಿಗೆವ್ವಗ ಅರಿಶಿಣ ಕುಂಕುಮ ಕೊಟ್ಟು ಹೇಳಿ ಹೋದ್ಲು, ಅವಾ ಬರಲಿಲ್ಲ. ಮದುವಿ ಮೂರು ದಿನ ಐತಿ ಅನ್ನಂಗ ಮುಂಜಾನಿ ಹಳೇ ಪೆಟಗಿ ತಗದು ಧೂಳು ಒರಸಿ, ಕತ್ತಿ ಮಸದು, ನಡದ್ನಿ ಆ ಕಡೀ. ಮನಿಗೆ ಸುಣ್ಣ ಬಳಿಯಾಕತ್ತಿದ್ರು. ಅಮರಪ್ಪ ಕಟ್ಟಿ ಮ್ಯಾಲ ಕುಂತಿದ್ದ, ನನ್ನ ನೋಡಿ ಎದ್ದು ಒಳಗ ಹೋಗಾಕ ಹೊಂಟ.

"ಕುಂದರಲೇ" ಅಂದ್ನಿ. "ಮಗಳನ್ನ ಧಾರಿ ಎರೀಬೇಕಾದಾಂವ ಹಿಂಗ ಬೈರಾಗಿ ಆಗಿ ನಿಲ್ತೀಯೇನು?"

"ಈರ್ಯಾ, ನಿನ್ನ ಮುಂದ ಕುಂದರಾಕ ನಂಗ ಮುಖ ಇಲ್ಲೋ."

"ಮುಖ ಐತಿ, ದಾಡ್ಯಾಗ ಮುಚ್ಚೈತಿ. ಕುಂದ್ರು."

ಅವಾ ಕುಂತ. ನೀರು ಹಚ್ಚಿದ್ನಿ, ಕತ್ತರೀಲೆ ಉದ್ದಂದು ತಗದ್ನಿ, ಸೋಪು ಹಚ್ಚಿದ್ನಿ. ಅವಾ ಕಣ್ಣು ಮುಚ್ಚಿದ್ದ. ಎಡಗೈಯಾಗ ಕತ್ತಿ ತಗೊಂಡಿದ್ದು ನೋಡಿ ಅವನ ಹೇಣ್ತಿ ಬಾಗಲದಾಗ ನಿಂತಾಕಿ ಉಸಿರು ಹಿಡದ್ಲು. ನಾ ಈ ಬಲಗೈ ಬೆರಳು ಅವನ ಗಲ್ಲದ ಮ್ಯಾಲ ಇಟ್ಟು ಚರ್ಮ ಎಳದ್ನಿ. ಆವಾಗ ಗೊತ್ತಾತು ಯವ್ವಾ, ಅವನ ಗಲ್ಲ ನಡಗಾಕತ್ತಿತ್ತು. ಕಣ್ಣಿಗೆ ಕಾಣ್ತಿದ್ದಿಲ್ಲ. ಬೆರಳಿಗೆ ಗೊತ್ತಾತು, ಈ ಬೆರಳಿಗೆ.

"ಲೇ ಅಮರ್ಯಾ" ಅಂದ್ನಿ, "ಆ ಸ್ವಿಚ್ ಎಲ್ಲಿತ್ತು?"

ಅವಾ ಮುಚ್ಚಿದ ಕಣ್ಣು ಇನ್ನಷ್ಟು ಬಿಗಿ ಮುಚ್ಚಿದ.

"ನನ್ನ ಮೊಣಕೈ ಬಾಜೂಕ ಇತ್ತು. ಹೊಳ್ಳಿ ನೋಡಿದ್ರ ಕಾಣ್ತಿತ್ತು. ನಾನೂ ನೋಡಲಿಲ್ಲ. ಮೂರು ವರ್ಷ ಇದನ್ನ ಯಾರ ಮುಂದೂ ಹೇಳಿಲ್ಲ ನಾ. ಬರೇ ನಿಂದು ಹೇಳೀನಿ."

ಅಷ್ಟಂದದ್ದ ತಡ, ಅವಾ ಬಿಕ್ಕಿದ ನೋಡ್ರಿ, ಗಂಟಲು ಹಾರಿ ಬಂತು, ಕತ್ತಿ ತಾಗೇಬಿಡ್ತು ಗದ್ದದ ಕೆಳಗ. ರಕ್ತ ಬಂತು. ಅವನ ಹೇಣ್ತಿ "ಅಯ್ಯ ಶಿವನ" ಅಂದ್ಲು. ಅಮರಪ್ಪ ಕಣ್ಣು ತಗದು, "ಎಷ್ಟು ಕೊಯ್ದಿ?" ಅಂದ. "ಸಾಸಿವಿಕಾಳಷ್ಟು" ಅಂದ್ನಿ. "ಇನ್ನೂ ಭಾಳ ಬಾಕಿ ಉಳೀತಲ್ಲೋ ನಂದು" ಅಂತ ಅಂದು ನಕ್ಕುಬಿಟ್ಟ, ಅಳಕೋತನ ನಕ್ಕ. ನಂಗೂ ನಗು ತಡಕೊಳ್ಳಾಕ ಆಗಲಿಲ್ಲ. ಫಟಕಡಿ ಕಲ್ಲು ಒತ್ತಿ ರಕ್ತ ನಿಲ್ಲಿಸಿ, ಉಳಿದ ಅರ್ಧ ಗಲ್ಲ ಮುಗಿಸಬೇಕಾದ್ರ ಸುಣ್ಣ ಬಳಿಯೋರೂ ಕೆಲಸ ಬಿಟ್ಟು ನೋಡಾಕತ್ತಿದ್ರು. ತಾಸು ಹಿಡೀತು ಒಂದು ದಾಡಿಗೆ. ಮೊದಲಾದ್ರ ಅಷ್ಟು ಹೊತ್ತಿನಾಗ ಎಂಟು ಮಾಡ್ತಿದ್ನಿ. ಮಾಡಿ ಕನ್ನಡಿ ಕೊಟ್ನಿ. ಅವಾ ಕನ್ನಡ್ಯಾಗ ನೋಡಲಿಲ್ಲ, ನನ್ನ ಕೈ ಹಿಡದು, ತಿರುವಿ ಮರುವಿ ಅದನ್ನ ನೋಡಿದ. ಮದುವ್ಯಾಗ ಬಂದ ಬೀಗರಿಗೆಲ್ಲ ಗದ್ದದ ಗಾಯ ತೋರಿಸಿ "ಇದು ಈರಣ್ಣನ ಕೈ ಗುರ್ತು" ಅಂತ ಹೇಳಿದ್ದ ಹೇಳಿದ್ದು.

ಆಮ್ಯಾಲ ಅಂಗಡಿ ತಗದ್ನಿ. ಈಗ ಮುಂಜಾನಿ ಹತ್ತು ಗಂಟೆ ತನಕ ಅಷ್ಟ ಕೂತು ಬರ್ತೀನಿ. ಚಳಿಗಾಲಕ್ಕ ಈ ಕೈ ಮರಗಟ್ಟಿದಂಗ ಆಗ್ತೈತಿ, ಕಿರುಬೆರಳು ಇನ್ನೂ ನೆಟ್ಟಗ ಆಗಿಲ್ಲ, ಆಗಂಗೂ ಇಲ್ಲ, ತುಂಬಿದ ಕೊಡ ಎತ್ತಾಕ ಬರಂಗಿಲ್ಲ. ಪರವಾ ಇಲ್ಲ. ನಿಮ್ಮ ಜಡಿ ಹೆಣಿತೀನಿಲ್ಲೋ, ಹೇಳ್ರಿ? ಸೊಟ್ಟ ಆಗ್ತಾವ ಅಂತ ನಿಮ್ಮವ್ವ ನಗ್ತಾಳ, ನಗಲಿ. ಬಿಮಲ್ ಈಗ್ಲೂ ಮೀನು ತರ್ತಾನ, ನಮ್ಮ ಬಾಗಲಕ್ಕ ಬಂದ್ರ ಚಾ ಕುಡೀದ ಹೋಗಂಗಿಲ್ಲ. ನಾ ಕಲ್ತದ್ದು ಒಂದ ಐತಿ ನೋಡ್ರಿ, ಕೈ ಇರಲಿ, ಮಂದಿ ಇರಲಿ, ಒಮ್ಮೆ ಕೂಡಿಸಿದ ಮ್ಯಾಲ ದಿನಾ ಜರಾ ಜರಾ ಆಡಿಸ್ತಿರಬೇಕು, ಸುಮ್ನ ಇಟ್ರ ಬಿಗದು ಕುಂದರ್ತಾವ. ಏಳ್ರಿ ಇನ್ನ, ಕಾಲು ಜೋಮು ಹಿಡದ್ವು ನಂದು.